ಎದುರಾಳಿಯ ಯೋಜನಾಪತ್ರ: ಅಮೆರಿಕ–ಚೀನಾ ಎಐ ಪೈಪೋಟಿಯ ಒಂದು ಸಮೀಕ್ಷೆ

2025ರ ಜುಲೈ 23ರಂದು ಟ್ರಂಪ್ ಸರ್ಕಾರ ತನ್ನ ಎಐ ಕ್ರಿಯಾಯೋಜನೆಯನ್ನು ಹೊರತಂದಿತು. ಓಟವನ್ನು ಗೆಲ್ಲುತ್ತೇವೆ ಎಂಬ ಮಾತು ಅದರ ಮುಖಪುಟದಲ್ಲೇ ಇತ್ತು. ಮೂರೇ ದಿನಕ್ಕೆ ಶಾಂಘೈನ ವಿಶ್ವ ಎಐ ಸಮ್ಮೇಳನದಲ್ಲಿ ಚೀನಾದ ಪ್ರಧಾನಿ ಲಿ ಚಿಯಾಂಗ್ ಎದ್ದು ನಿಂತು, ಎಐ ಸಹಕಾರಕ್ಕಾಗಿ ಒಂದು ಜಾಗತಿಕ ಸಂಸ್ಥೆ ಬೇಕು ಎಂದರು. ಅದರ ಕಚೇರಿ ಶಾಂಘೈನಲ್ಲೇ ಇರಲಿ ಎಂಬುದು ಚೀನಾದ ಇಂಗಿತ. ಅಮೆರಿಕಕ್ಕೆ ಓಟ ಬೇಕು, ಚೀನಾಕ್ಕೆ ಸಹಕಾರ ಬೇಕು ಎಂದು ಇದನ್ನು ಓದಿಕೊಂಡರೆ ಮೋಸ ಹೋಗುತ್ತೇವೆ. 2030ರ ಹೊತ್ತಿಗೆ ಈ ವಿದ್ಯೆಯಲ್ಲಿ ಜಗತ್ತಿಗೇ ಮುಂದಾಳು ಆಗಬೇಕೆಂದು 2017ರಲ್ಲೇ ಬರೆದಿಟ್ಟುಕೊಂಡದ್ದು ಚೀನಾ. ಇತ್ತ ಅಮೆರಿಕದ ಕ್ರಿಯಾಯೋಜನೆಯ ಒಂದು ಭಾಗ ಮಿತ್ರರಾಷ್ಟ್ರಗಳಿಗೆ ಚಿಪ್‌ನಿಂದ ತಂತ್ರಾಂಶದವರೆಗೆ ಎಲ್ಲವನ್ನೂ ಒದಗಿಸುವ ಬಗ್ಗೆ ಇದೆ. ಇಬ್ಬರೂ ಓಡುತ್ತಿದ್ದಾರೆ, ಇಬ್ಬರೂ ಜೊತೆಗಾರರನ್ನು ಹುಡುಕುತ್ತಿದ್ದಾರೆ.

ಹತ್ತು ವರ್ಷಗಳಿಂದ ವಿದ್ವಾಂಸರು, ಸೇನಾಧಿಕಾರಿಗಳು, ಕಂಪನಿ ಮುಖ್ಯಸ್ಥರು ಈ ಬಗ್ಗೆ ಜಗಳವಾಡುತ್ತಲೇ ಇದ್ದಾರೆ. ಯಾರು ಮುಂದೆ ಎಂಬುದು ಮೇಲುನೋಟದ ಜಗಳ. ಅದರ ಕೆಳಗಿರುವುದು ಎಐ ಎಂದರೆ ಯಾವ ಬಗೆಯ ವಸ್ತು ಎಂಬ ಭಿನ್ನಾಭಿಪ್ರಾಯ. ಅದನ್ನು ಅಸ್ತ್ರವೆಂದು ಕಾಣುವವರು ಒಂದು ನೀತಿ ಹೇಳುತ್ತಾರೆ, ಕೆಲವೇ ಕೈಗಳಲ್ಲಿರುವ ಸಾಮಗ್ರಿಯ ಮೇಲೆ ನಿಂತದ್ದೆಂದು ಕಾಣುವವರು ಇನ್ನೊಂದು, ವಿದ್ಯುತ್ತಿನಂಥ ಸಾರ್ವತ್ರಿಕ ಶಕ್ತಿಯೆಂದು ಕಾಣುವವರು ಮೂರನೆಯದು. ಅಪಘಾತಕ್ಕೆ ಕಾದು ಕೂತ ಯಂತ್ರವೆಂದು ಕಾಣುವವರದು ನಾಲ್ಕನೆಯದು.

ಭಯದ ಹಳೆಯ ಕಡತ

ಈ ಪೈಪೋಟಿ ಚಾಟ್‌ಜಿಪಿಟಿಯಿಂದ ಹುಟ್ಟಿದ್ದಲ್ಲ. 1954ರ ಜನವರಿಯಲ್ಲಿ ಐಬಿಎಂ ಕಂಪನಿಯೂ ಜಾರ್ಜ್‌ಟೌನ್ ವಿಶ್ವವಿದ್ಯಾಲಯವೂ ಸೇರಿ ನ್ಯೂಯಾರ್ಕ್‌ನಲ್ಲಿ ಒಂದು ಪ್ರದರ್ಶನ ಏರ್ಪಡಿಸಿದವು. 250 ಪದಗಳ ಶಬ್ದಕೋಶ, ಆರು ವ್ಯಾಕರಣ ನಿಯಮ. ಇಷ್ಟನ್ನೇ ಇಟ್ಟುಕೊಂಡು ಯಂತ್ರ ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿತು. ಶತ್ರುವಿನ ವಿಜ್ಞಾನ ಪತ್ರಿಕೆಗಳನ್ನು ಓದುವ ಆತುರವೇ ಈ ಸಂಶೋಧನೆಗೆ ಹಣ ಸುರಿಸಿದ್ದು. ಹನ್ನೆರಡು ವರ್ಷ ಕಳೆದ ಮೇಲೆ, 1966ರಲ್ಲಿ, ಅಲ್ಪಾಕ್ ಎಂಬ ಸಮಿತಿ ಇದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ ಎಂದು ವರದಿ ಕೊಟ್ಟಿತು; ಹಣವೂ ನಿಂತಿತು.

ಆ ನಡುವೆ, 1962ರಲ್ಲಿ, ಕೆನಡಿ ಸರ್ಕಾರದ ಸಲಹೆಗಾರ ಆರ್ಥರ್ ಶ್ಲೆಸಿಂಗರ್ ಒಂದು ಎಚ್ಚರಿಕೆಯ ಟಿಪ್ಪಣಿ ಬರೆದರು. ಸೋವಿಯತ್ತರು ಸ್ವಯಂನಿಯಂತ್ರಣದ ವಿದ್ಯೆಯಾದ ಸೈಬರ್ನೆಟಿಕ್ಸ್‌ಗೆ ಪೂರ್ತಿ ಇಳಿದಿದ್ದಾರೆ, 1970ರ ಹೊತ್ತಿಗೆ ತಾವೇ ಕಲಿಯುವ ಗಣಕಗಳಿಂದ ಉದ್ಯಮವನ್ನೇ ನಡೆಸಬಹುದು, ಆಗ ನಮ್ಮ ಗತಿ ಏನು ಎಂಬುದು ಅದರ ಸಾರ. ಕೀವ್‌ನಲ್ಲಿ ವಿಕ್ಟರ್ ಗ್ಲುಷ್ಕೋವ್ ದೇಶವಿಡೀ ಹಬ್ಬುವ ಗಣಕ ಜಾಲದ ಯೋಜನೆಯನ್ನು ರೂಪಿಸಿದ್ದೇನೋ ನಿಜ. ಆದರೆ ಮಾಸ್ಕೋದ ಮಂತ್ರಾಲಯಗಳ ಒಳಜಗಳದಲ್ಲಿ ಸಿಕ್ಕಿ ಅದು ಕಾಗದದಲ್ಲೇ ಸೊರಗಿತು.

ಮುಂದಿನ ಸರದಿ ಜಪಾನಿನದು, ಅದೂ ಮಿತ್ರರಾಷ್ಟ್ರ. 1982ರಲ್ಲಿ ಟೋಕಿಯೊ 'ಐದನೇ ಪೀಳಿಗೆಯ ಗಣಕ' ಯೋಜನೆಯನ್ನು ಆರಂಭಿಸಿದ್ದೇ ತಡ, ಮರುವರ್ಷವೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ತನ್ನ 'ಸ್ಟ್ರಾಟಜಿಕ್ ಕಂಪ್ಯೂಟಿಂಗ್' ಯೋಜನೆಗೆ ಕೈಹಾಕಿತು. ಬ್ರಿಟನ್ ಆಲ್ವೀ ಕಾರ್ಯಕ್ರಮ ಹೂಡಿತು. ಅಲೆ ನಮ್ಮಲ್ಲಿಗೂ ಬಂತು: 1986ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಶುರುವಾದ ಜ್ಞಾನಾಧಾರಿತ ಗಣಕ ಯೋಜನೆಯ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಹತ್ತು ವರ್ಷದಲ್ಲಿ ಜಪಾನಿನ ಯೋಜನೆ ಗುರಿ ಮುಟ್ಟದೆ ಮುಗಿಯಿತು.

ಆಮೇಲಿನದು 2017. ಆ ವರ್ಷದ ಮೇ ತಿಂಗಳಲ್ಲಿ ಚೀನಾದ ವೂಝೆನ್ ಪಟ್ಟಣದಲ್ಲಿ ಗೂಗಲ್‌ನ ಆಲ್ಫಾಗೋ, 'ಗೋ' ಆಟದ ಅಗ್ರ ಆಟಗಾರ ಕೇ ಜಿಯೇ ಅವರನ್ನು 3–0ರಿಂದ ಸೋಲಿಸಿತು. ತನ್ನದೇ ಪ್ರಾಚೀನ ಆಟದಲ್ಲಿ ಅಮೆರಿಕದ ಕಂಪನಿಯ ಯಂತ್ರ ಗೆಲ್ಲುವುದನ್ನು ಜನ ನೋಡದಂತೆ ಚೀನಾ ನೇರಪ್ರಸಾರಕ್ಕೆ ತಡೆ ಹಾಕಿತು. ಎರಡು ತಿಂಗಳಿಗೆ ಅಲ್ಲಿನ ಸಚಿವ ಸಂಪುಟ 'ಹೊಸ ಪೀಳಿಗೆಯ ಎಐ ಅಭಿವೃದ್ಧಿ ಯೋಜನೆ'ಯನ್ನು ಪ್ರಕಟಿಸಿತು. 2020, 2025, 2030 ಎಂದು ಮೂರು ಮೆಟ್ಟಿಲು, ಕೊನೆಯ ಮೆಟ್ಟಿಲಿಗೆ 1 ಲಕ್ಷ ಕೋಟಿ ಯುವಾನಿನ ಉದ್ಯಮ. ವಾಷಿಂಗ್ಟನ್ ಬೆಚ್ಚಿತು. 2018ರಲ್ಲಿ ಗೂಗಲ್‌ನ ಮಾಜಿ ಮುಖ್ಯಸ್ಥ ಎರಿಕ್ ಶ್ಮಿಟ್ ನೇತೃತ್ವಕ್ಕೆ ಬಂದ ರಾಷ್ಟ್ರೀಯ ಭದ್ರತಾ ಎಐ ಆಯೋಗ ರಚನೆಯಾಯಿತು. 2021ರ ಮಾರ್ಚ್‌ನಲ್ಲಿ ಅದು ಕೊಟ್ಟ ವರದಿ, ಎಐ ಯುಗದಲ್ಲಿ ದೇಶವನ್ನು ಕಾಯಲು ಅಮೆರಿಕ ಸಜ್ಜಾಗಿಲ್ಲ ಎಂದು ನೇರವಾಗಿಯೇ ಹೇಳಿತು.

ಈ ಕಡತವನ್ನು ಮೊದಲಿಂದ ತಿರುವಿ ಹಾಕಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರತಿ ಸಲವೂ ಅಮೆರಿಕವನ್ನು ಹೆದರಿಸಿದ್ದು ಎದುರಾಳಿಯ ಯಂತ್ರವಲ್ಲ, ಅವನ ಯೋಜನಾಪತ್ರ. ಮೊದಲೆರಡು ಸಲ ಪತ್ರ ಪೊಳ್ಳಾಗಿತ್ತು. ಮೂರನೆಯ ಸಲ ಹಾಗಾಗಲಿಲ್ಲ ಎಂಬುದೇ ಇಂದಿನ ಚರ್ಚೆಯ ಬಿಸಿಗೆ ಕಾರಣ.

ಬೀಜಿಂಗ್‌ನಲ್ಲಿ ಬರೆದ ಪ್ರಬಂಧ

ಎರಡು ದೇಶಗಳನ್ನು ಎರಡು ಶಿಬಿರಗಳೆಂದು ಗೆರೆ ಎಳೆಯುವ ಮುನ್ನ 2015ರ ಒಂದು ಪ್ರಬಂಧವನ್ನು ನೋಡಬೇಕು. ನರಜಾಲಗಳಿಗೆ ಪದರದ ಮೇಲೆ ಪದರ ಸೇರಿಸುತ್ತ ಹೋದರೆ ಒಂದು ಹಂತದ ನಂತರ ಅವು ಸರಿಯಾಗಿ ಕಲಿಯುತ್ತಿರಲಿಲ್ಲ. ಹಿಂದಿನ ಪದರದ ಸಂಕೇತವನ್ನು ನಡುವಿನವನ್ನು ಹಾರಿಸಿ ಮುಂದಕ್ಕೆ ನೇರವಾಗಿ ಸಾಗಿಸಿದರೆ ಈ ತೊಡಕು ತಪ್ಪುತ್ತದೆ ಎಂದು ನಾಲ್ವರು ತೋರಿಸಿದರು: ಕೈಮಿಂಗ್ ಹೇ, ಶಿಯಾಂಗ್ಯು ಝಾಂಗ್, ಶಾವೊಚಿಂಗ್ ರೆನ್, ಜಿಯಾನ್ ಸುನ್. 'ರೆಸ್‌ನೆಟ್' ಎಂದು ಹೆಸರಾದ ಈ ಉಪಾಯ ಇಂದು ಅಮೆರಿಕದ, ಚೀನಾದ ಪ್ರತಿಯೊಂದು ದೊಡ್ಡ ಭಾಷಾ ಮಾದರಿಯ ಒಳಗೂ ಇದೆ. ನಾಲ್ವರೂ ಚೀನಾದಲ್ಲಿ ಓದಿದವರು. ಕೆಲಸ ಮಾಡಿದ್ದು ಬೀಜಿಂಗ್‌ನಲ್ಲಿ, ಆದರೆ ಅಮೆರಿಕದ ಮೈಕ್ರೋಸಾಫ್ಟ್ 1998ರಲ್ಲಿ ತೆರೆದ ಪ್ರಯೋಗಾಲಯದಲ್ಲಿ. ಮುಂದೆ ಹೇ ಅಮೆರಿಕಕ್ಕೆ ಹೋದರು, ಉಳಿದವರು ಚೀನಾದ ಕಂಪನಿಗಳತ್ತ ಸಾಗಿದರು. ಈ ಸಾಧನೆಯನ್ನು ಯಾರ ಖಾತೆಗೆ ಜಮಾ ಮಾಡುವುದು?

ಸಹಕಾರವೆಂದರೆ ನಾಯಕರು ಕೈಕುಲುಕುವ ಚಿತ್ರವೇ ಕಣ್ಣಮುಂದೆ ಬರುತ್ತದೆ. ಈ ಕ್ಷೇತ್ರದ ನಿಜವಾದ ಸಹಕಾರ ನಡೆದದ್ದು ಇಂಥ ಪ್ರಯೋಗಾಲಯಗಳಲ್ಲಿ, ಯಾರ ಅಪ್ಪಣೆಯೂ ಇಲ್ಲದೆ. ಆ ಬಾಗಿಲು ಈಗ ಮುಚ್ಚುತ್ತಿದೆ. 1979ರಿಂದ ನಡೆದುಬಂದಿದ್ದ ಅಮೆರಿಕ–ಚೀನಾ ವಿಜ್ಞಾನ ಒಪ್ಪಂದವನ್ನು 2024ರ ಡಿಸೆಂಬರ್‌ನಲ್ಲಿ ಐದು ವರ್ಷಕ್ಕೆ ನವೀಕರಿಸಿದಾಗ ಮೂಲ ವಿಜ್ಞಾನಕ್ಕಷ್ಟೇ ಜಾಗ ಕೊಟ್ಟರು. ಎಐ ಹೊರಗುಳಿಯಿತು.

ಮುಂದಿರುವವನದೇ ರಾಜ್ಯ

ಮೊದಲ ಪಂಥದ ಮಾತು ಸರಳ. ಎಐ ನಿರ್ಣಾಯಕ ಅಸ್ತ್ರ, ಮೊದಲು ಕೈಗೆ ಸಿಕ್ಕವನದೇ ಮೇಲುಗೈ. ಎಐನಲ್ಲಿ ಮುಂದಾಳು ಆದವನೇ ಜಗತ್ತನ್ನು ಆಳುತ್ತಾನೆ ಎಂದು 2017ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಶಾಲಾ ಮಕ್ಕಳ ಮುಂದೆ ಹೇಳಿದ್ದು ಈ ಪಂಥದ ಘೋಷವಾಕ್ಯವಾಗಿಬಿಟ್ಟಿದೆ. (ಆ ಮಾತಾಡಿದವರ ದೇಶ ರಷ್ಯಾ ಈ ಪೈಪೋಟಿಯಲ್ಲಿ ಎಲ್ಲಿಯೂ ಕಾಣದಿರುವುದು ಬೇರೆ ಮಾತು.) ಓಪನ್‌ಎಐನಲ್ಲಿದ್ದ ಲಿಯೋಪೋಲ್ಡ್ ಆಶನ್‌ಬ್ರೆನರ್ 2024ರ ಜೂನ್‌ನಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧಮಾಲೆ ಈ ವಾದಕ್ಕೆ ಹೊಸ ಹುರುಪು ತುಂಬಿತು. ಗಣಕಶಕ್ತಿ ಹೆಚ್ಚಿಸುತ್ತ ಹೋದರೆ ಮಾದರಿಗಳ ಬುದ್ಧಿ ಒಂದೇ ಸಮ ಏರುತ್ತದೆ. ಒಂದು ಹಂತದಲ್ಲಿ ಎಐ ತಾನೇ ಎಐ ಸಂಶೋಧನೆ ಮಾಡತೊಡಗುತ್ತದೆ. ಆಗ ಕೆಲವೇ ತಿಂಗಳ ಮುನ್ನಡೆಯೂ ದಾಟಲಾಗದ ಅಂತರವಾಗುತ್ತದೆ ಎಂಬುದು ತರ್ಕ.

ಸರ್ಕಾರಗಳು ಯಾಕೆ ಇಷ್ಟು ಅವಸರದಲ್ಲಿವೆ, ಕಂಪನಿಗಳು ಯಾಕೆ ಊರಿನಷ್ಟು ದೊಡ್ಡ ದತ್ತಾಂಶ ಕೇಂದ್ರ ಕಟ್ಟುತ್ತಿವೆ ಎಂಬುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಅದರ ಬಲಹೀನತೆ 'ಒಂದು ಹಂತದಲ್ಲಿ' ಎಂಬಲ್ಲಿದೆ. ಆ ಹಂತ ಬರುತ್ತದೆಯೇ, ಬಂದರೂ ಮುನ್ನಡೆ ಉಳಿಯುತ್ತದೆಯೇ ಎಂಬುದಕ್ಕೆ ಇನ್ನೂ ಸಾಕ್ಷ್ಯವಿಲ್ಲ. ಈವರೆಗಿನ ಅನುಭವ ಹೇಳುವುದೇನೆಂದರೆ, ಒಬ್ಬರ ಹೊಸ ಮಾದರಿಯ ಬೆನ್ನು ಹಿಡಿದು ತಿಂಗಳುಗಳಲ್ಲೇ ಇನ್ನೊಬ್ಬರು ಬರುತ್ತಾರೆ.

ಕುತ್ತಿಗೆ ಹಿಡಿಯುವ ವಾದ

ಎರಡನೆಯ ಪಂಥಕ್ಕೆ ಬುದ್ಧಿಗಿಂತ ಸಾಮಗ್ರಿಯ ಮೇಲೆ ಕಣ್ಣು. ಹೆನ್ರಿ ಫ್ಯಾರೆಲ್ ಮತ್ತು ಅಬ್ರಹಾಂ ನ್ಯೂಮನ್ 2019ರಲ್ಲಿ ಮಂಡಿಸಿದ ವಾದ ಇದರ ಬುನಾದಿ: ಜಾಗತಿಕ ವ್ಯಾಪಾರ ಎಲ್ಲರನ್ನೂ ಸಮನಾಗಿ ಬೆಸೆಯಲಿಲ್ಲ, ಕೆಲವೇ ಗಂಟುಗಳಲ್ಲಿ ಬಿಗಿಯಿತು, ಗಂಟು ಯಾರ ಕೈಯಲ್ಲಿದೆಯೋ ಅವರು ಉಳಿದವರ ಉಸಿರು ಕಟ್ಟಿಸಬಲ್ಲರು. ಕ್ರಿಸ್ ಮಿಲ್ಲರ್ 2022ರಲ್ಲಿ ಬರೆದ 'ಚಿಪ್ ವಾರ್' ಅದನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿತು.

ಆ ಗಂಟುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬಹುದು. ನೆದರ್ಲೆಂಡ್ಸ್‌ನ ವೆಲ್ಡ್‌ಹೋವನ್ ಎಂಬ ಪುಟ್ಟ ಊರಿನ ಎಎಸ್‌ಎಂಎಲ್ ಕಂಪನಿ ಚಿಪ್ ಕೆತ್ತುವ ಒಂದು ಯಂತ್ರ ಮಾಡುತ್ತದೆ. ಅದರೊಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ 50,000ದಂತೆ ಉದುರುತ್ತವೆ. ಪ್ರತಿ ಹನಿಗೂ ಲೇಸರ್ ಎರಡೆರಡು ಸಲ ಬಡಿಯುತ್ತದೆ: ಮೊದಲ ಹೊಡೆತಕ್ಕೆ ಹನಿ ಚಪ್ಪಟೆ, ಎರಡನೆಯದಕ್ಕೆ ಪ್ಲಾಸ್ಮಾ. ಆಗ ಹೊಮ್ಮುವ 13.5 ನ್ಯಾನೊಮೀಟರ್ ತರಂಗದ ಬೆಳಕನ್ನು ಗಾಳಿಯೂ ಹೀರಿಬಿಡುತ್ತದೆ, ಮಸೂರವೂ ಹೀರಿಬಿಡುತ್ತದೆ. ಹಾಗಾಗಿ ಎಲ್ಲವೂ ನಿರ್ವಾತದಲ್ಲಿ, ಜರ್ಮನಿಯ ಝೈಸ್ ಕಂಪನಿಯ ಕನ್ನಡಿಗಳ ಮೇಲಿಂದ ಪುಟಿದು ಸಿಲಿಕಾನ್ ಬಿಲ್ಲೆಗೆ ತಲುಪಬೇಕು. ಲೇಸರ್ ಜರ್ಮನಿಯ ಟ್ರಂಫ್‌ನದು, ಬೆಳಕಿನ ಮೂಲದ ತಂತ್ರ ಕ್ಯಾಲಿಫೋರ್ನಿಯಾದ ಸೈಮರ್‌ನದು. ಜಗತ್ತಿನಲ್ಲಿ ಈ ಯಂತ್ರ ಮಾಡುವ ಕಂಪನಿ ಎಎಸ್‌ಎಂಎಲ್ ಒಂದೇ. ಇದರಿಂದ ಚಿಪ್ ಕೆತ್ತುವುದರಲ್ಲಿ ತೈವಾನಿನ ಟಿಎಸ್‌ಎಂಸಿಯನ್ನು ಮೀರಿಸಿದವರಿಲ್ಲ. ಚೀನಾಕ್ಕೆ ಈ ಯಂತ್ರ ಒಂದೂ ಹೋಗಿಲ್ಲ, ಅಮೆರಿಕ ಹೋಗಗೊಡಲಿಲ್ಲ.

2022ರ ಅಕ್ಟೋಬರ್ 7ರಂದು ಅಮೆರಿಕ ಈ ಹಿಡಿತವನ್ನು ಚಿಪ್‌ಗಳಿಗೂ ಚಾಚಿತು. ಅಮೆರಿಕದ ಚಿಪ್ ಕಂಪನಿ ಎನ್ವಿಡಿಯಾದ ಎ100, ಎಚ್100 ಚಿಪ್‌ಗಳನ್ನು ಚೀನಾಕ್ಕೆ ಮಾರುವಂತಿಲ್ಲ ಎಂದಾಯಿತು. ಎನ್ವಿಡಿಯಾ ಸುಮ್ಮನೆ ಕೂರಲಿಲ್ಲ. ನಿಯಮದ ಅಂಚಿಗೆ ಸರಿಹೊಂದುವಂತೆ ಎ800, ಎಚ್800 ಎಂಬ ತಗ್ಗಿಸಿದ ಚಿಪ್ ಮಾಡಿ ಮಾರಿತು. ಮರುವರ್ಷ ಅವಕ್ಕೂ ತಡೆ ಬಿತ್ತು. ಎಚ್20 ಬಂತು. 2025ರ ಏಪ್ರಿಲ್‌ನಲ್ಲಿ ಅದಕ್ಕೂ ಪರವಾನಗಿ ಬೇಕೆಂದರು, ಜುಲೈನಲ್ಲಿ ಸಡಿಲಿಸಿದರು, ಆಗಸ್ಟ್‌ನಲ್ಲಿ ಮಾರಾಟದ ಶೇ 15ರಷ್ಟನ್ನು ಸರ್ಕಾರಕ್ಕೆ ಕೊಟ್ಟರೆ ಸರಿ ಎಂದರು. ಡಿಸೆಂಬರ್ ಹೊತ್ತಿಗೆ ಅದಕ್ಕಿಂತ ಬಲವಾದ ಎಚ್200ಕ್ಕೂ ಟ್ರಂಪ್ ಒಪ್ಪಿದರು, ಪಾಲು ಶೇ 25ಕ್ಕೆ ಏರಿತ್ತು. ರಾಷ್ಟ್ರೀಯ ಭದ್ರತೆಗೆ ಮಾರಕವೆಂದು ತಡೆದ ಸರಕಿಗೆ ಸುಂಕದ ದರ ನಿಗದಿಯಾದ ಮೇಲೆ, ಆ ತಡೆಯ ಹಿಂದಿನ ತರ್ಕವನ್ನು ಹೊರಗಿನವರು ನಂಬುವುದು ಕಷ್ಟ.

ಅಷ್ಟರಲ್ಲಿ ಡೀಪ್‌ಸೀಕ್ ಬಂದಿತ್ತು. ಹಾಂಗ್‌ಝೌ ನಗರದ ಲಿಯಾಂಗ್ ವೆನ್‌ಫೆಂಗ್ ಅವರ ಈ ಪುಟ್ಟ ಸಂಸ್ಥೆ 2025ರ ಜನವರಿ 20ರಂದು 'ಆರ್1' ಮಾದರಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿತು. ವಾರ ಕಳೆಯುವಷ್ಟರಲ್ಲಿ ಎನ್ವಿಡಿಯಾದ ಮಾರುಕಟ್ಟೆ ಮೌಲ್ಯ ಒಂದೇ ದಿನ ಸುಮಾರು 59,000 ಕೋಟಿ ಡಾಲರ್‌ನಷ್ಟು ಕರಗಿತು. ಆರ್1ಕ್ಕೆ ತಳಹದಿಯಾದ 'ವಿ3' ಮಾದರಿಯ ಕೊನೆಯ ಸುತ್ತಿನ ತರಬೇತಿಗೆ 2,048 ಎಚ್800 ಚಿಪ್, ಸುಮಾರು 56 ಲಕ್ಷ ಡಾಲರ್ ಸಾಕಾಯಿತೆಂದು ಸಂಸ್ಥೆ ತನ್ನ ವರದಿಯಲ್ಲಿ ಬರೆದುಕೊಂಡಿತ್ತು. (ಅದಕ್ಕೆ ಮುಂಚಿನ ಪ್ರಯೋಗಗಳ, ಸಂಬಳದ, ಚಿಪ್ ಖರೀದಿಯ ಲೆಕ್ಕ ಅದರಲ್ಲಿಲ್ಲ, ಮಾಧ್ಯಮಗಳು ಬಹುಪಾಲು ಅದನ್ನು ಮರೆತವು.)

ಇಲ್ಲಿಂದ ಎರಡು ವಾದಗಳು ಕವಲೊಡೆದವು. ತಡೆ ಸೋತಿತು, ಕೊರತೆಯೇ ಚೀನೀಯರಿಗೆ ಜಾಣತನ ಕಲಿಸಿತು ಎಂದರು ಒಬ್ಬರು. ಎನ್ವಿಡಿಯಾದ ಜೆನ್ಸನ್ ಹುವಾಂಗ್ 2025ರ ಮೇ ತಿಂಗಳಲ್ಲಿ ತೈಪೇಯಲ್ಲಿ ರಫ್ತು ನಿರ್ಬಂಧ ವಿಫಲವಾಗಿದೆ ಎಂದು ಬಹಿರಂಗವಾಗಿಯೇ ಸಾರಿದರು. ಮಾರುವವರು ಅವರೇ ಆದ್ದರಿಂದ ಆ ಮಾತನ್ನು ಸ್ವಲ್ಪ ಜರಡಿ ಹಿಡಿಯಬೇಕು. ಎಚ್800 ಆಗ ಕಾನೂನುಬದ್ಧವಾಗಿಯೇ ಕೊಳ್ಳಬಹುದಾಗಿದ್ದ ಚಿಪ್, ನಿಜವಾದ ತಡೆ ಇನ್ನೂ ಬಿಗಿಯಾಗುವುದರೊಳಗೆ ಸಿಕ್ಕಿದ್ದು ಎಂದರು ಇನ್ನೊಬ್ಬರು. ತಮಗೆ ಹಣದ ತೊಂದರೆಯಿಲ್ಲ, ಚಿಪ್ ಸಿಗದಿರುವುದೇ ತೊಂದರೆ ಎಂದು ಲಿಯಾಂಗ್ 2024ರಲ್ಲಿ ಸಂದರ್ಶನವೊಂದರಲ್ಲಿ ಹೇಳಿದ್ದು ಇವರ ಬತ್ತಳಿಕೆಯ ಬಾಣ. ಒಂದೇ ಘಟನೆ ಎರಡೂ ಕಡೆಗೆ ಸಾಕ್ಷಿ ನುಡಿಯಿತು.

ಗಂಟು ಅಮೆರಿಕದ ಕೈಯಲ್ಲಿ ಮಾತ್ರ ಇಲ್ಲವೆಂಬುದೂ ಬೇಗ ಗೊತ್ತಾಯಿತು. ಚೀನಾ 2023ರಲ್ಲಿ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಲಗಾಮು ಹಾಕಿತು, 2025ರ ಏಪ್ರಿಲ್‌ನಲ್ಲಿ ವಿರಳ ಭಸ್ಮ ಲೋಹಗಳಿಗೆ. ಆ ಪೆಟ್ಟು ಭಾರತದ ವಾಹನ ಕಂಪನಿಗಳಿಗೂ ಬಿತ್ತು, ಮೋಟಾರಿನ ಆಯಸ್ಕಾಂತ ಸಿಗದೆ ಅವು ಪೇಚಾಡಿದವು. ಅಕ್ಟೋಬರ್‌ನಲ್ಲಿ ಚೀನಾ ಇನ್ನಷ್ಟು ಬಿಗಿಮಾಡಿದ ಮೂರು ವಾರಕ್ಕೆ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ದಕ್ಷಿಣ ಕೊರಿಯದ ಬೂಸಾನ್‌ನಲ್ಲಿ ಕೂತು ಒಂದು ವರ್ಷದ ಕದನವಿರಾಮ ಮಾಡಿಕೊಂಡರು.

ತಡೆದರೆ ಏನಾಗುತ್ತದೆ? ಇಸ್ರೋ ಕಂಡ ಕಥೆ

ನಿರಾಕರಣೆಯ ಫಲಾಫಲವನ್ನು ತೂಗಲು ಕನ್ನಡಿಗರು ದೂರ ಹೋಗಬೇಕಿಲ್ಲ. 1991ರಲ್ಲಿ ಇಸ್ರೋ ಸೋವಿಯತ್ತಿನ ಗ್ಲಾವ್‌ಕಾಸ್ಮಾಸ್ ಜೊತೆ ಕ್ರಯೋಜೆನಿಕ್ ಎಂಜಿನ್ ಹಾಗೂ ಅದರ ತಂತ್ರಜ್ಞಾನಕ್ಕೆ ಒಪ್ಪಂದ ಮಾಡಿಕೊಂಡಿತು. ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣದ ಹೆಸರು ಹೇಳಿ ಅಮೆರಿಕ 1992ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳ ಮೇಲೆ ದಿಗ್ಬಂಧನ ಹೇರಿತು. ರಷ್ಯಾ ಬಗ್ಗಿತು, ಏಳು ಎಂಜಿನ್ ಕೊಡುತ್ತೇವೆ, ವಿದ್ಯೆ ಕೊಡುವುದಿಲ್ಲ ಎಂದಿತು. ಸ್ವದೇಶಿ ಎಂಜಿನ್ ಹೊತ್ತ ಮೊದಲ ಜಿಎಸ್‌ಎಲ್‌ವಿ ರಾಕೆಟ್ 2010ರ ಏಪ್ರಿಲ್‌ನಲ್ಲಿ ಸಮುದ್ರ ಸೇರಿತು. ಗೆದ್ದದ್ದು 2014ರ ಜನವರಿ 5ರಂದು. ಗಣಕಗಳಲ್ಲೂ ಹೀಗೇ ಆಯಿತು: ಅಮೆರಿಕ ಕ್ರೇ ಸೂಪರ್‌ಕಂಪ್ಯೂಟರನ್ನು ಹವಾಮಾನದ ಕೆಲಸಕ್ಕೆಂದು ಷರತ್ತು ಹಾಕಿ ಅಳೆದು ಸುರಿದು ಕೊಟ್ಟ ಆ ಕಾಲದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ತನ್ನದೇ 'ಫ್ಲೋಸಾಲ್ವರ್' ಕಟ್ಟಿತು, ಪುಣೆಯ ಸಿ-ಡ್ಯಾಕ್ 1991ರಲ್ಲಿ 'ಪರಮ್' ತಂದಿತು.

ನಮ್ಮಲ್ಲಿ ಈ ಕಥೆಯನ್ನು ಸ್ವಾಭಿಮಾನದ ಗೆಲುವೆಂದೇ ಹೇಳುವುದು ರೂಢಿ. ಇಪ್ಪತ್ತು ವರ್ಷಕ್ಕೂ ಮೀರಿ ತಡವಾದದ್ದೂ ಅಷ್ಟೇ ಸತ್ಯ. ತಡೆ ವಿಫಲವಾಯಿತೇ, ಸಫಲವಾಯಿತೇ? ತಡೆದವನು ಕೊಂಡದ್ದು ಕಾಲವನ್ನು. ಆ ಕಾಲವನ್ನು ಅವನು ಏನಕ್ಕೆ ಬಳಸಿದ ಎಂಬುದರ ಮೇಲೆ ಉತ್ತರ ನಿಂತಿದೆ. ಇಂದಿನ ಚಿಪ್ ತಡೆಯ ಬಗ್ಗೆಯೂ ನನಗೆ ಮುಖ್ಯವಾಗಿ ಕಾಣುವುದು ಇದೇ. ಚೀನಾ ಎರಡು ವರ್ಷ ಹಿಂದುಳಿಯಿತೋ ಐದು ವರ್ಷವೋ ಎಂದು ಲೆಕ್ಕ ಹಾಕುವವರು ನೂರಾರು ಜನ. ಸಿಕ್ಕ ಆ ವರ್ಷಗಳಲ್ಲಿ ಅಮೆರಿಕ ಮಾಡಬೇಕಾದ್ದು ಏನು ಎಂದು ಹೇಳುವವರು ಬೆರಳೆಣಿಕೆ.

ಹೋಲಿಕೆಗೆ ಮಿತಿಯೂ ಇದೆ. 1990ರ ಎಂಜಿನ್ 2014ರಲ್ಲೂ ಉಪಗ್ರಹ ಹೊರುತ್ತದೆ. ಇಪ್ಪತ್ತು ವರ್ಷ ಹಳೆಯ ಚಿಪ್‌ನಿಂದ ಎಐ ನಡೆಯದು, ಹಾಗಾಗಿ ಚಿಪ್‌ನಲ್ಲಿ ತಡೆಯ ಪೆಟ್ಟು ಹೆಚ್ಚು ಆಳ. ಅದೇ ಹೊತ್ತಿಗೆ, ಇಸ್ರೋಗೆ ಎಂಜಿನ್ ವಿದ್ಯೆ ಸಿಗದಂತೆ ತಡೆದು ಅಮೆರಿಕ ಕಳೆದುಕೊಂಡದ್ದು ಏನೂ ಇರಲಿಲ್ಲ. ಚೀನಾದ ಮಾರುಕಟ್ಟೆ ಕಳೆದುಕೊಂಡರೆ ಆ ಹಣವೆಲ್ಲ ಅಲ್ಲಿನ ಹುವಾವೇ ಕಂಪನಿಯ ಚಿಪ್ ವಿಭಾಗಕ್ಕೆ ಹೋಗುತ್ತದೆ. 2023ರ ಆಗಸ್ಟ್‌ನಲ್ಲಿ ಹುವಾವೇ ತನ್ನ ಮೇಟ್ 60 ಪ್ರೊ ಫೋನಿನಲ್ಲಿ ಚೀನಾದ ಎಸ್‌ಎಂಐಸಿ ಕಾರ್ಖಾನೆಯ 7 ನ್ಯಾನೊಮೀಟರ್ ಚಿಪ್ ಇಟ್ಟು ತೋರಿಸಿದ್ದು ಈ ಎಚ್ಚರಿಕೆಯನ್ನೇ.

ಹರಡುವಿಕೆಯ ವಾದ

ಮೂರನೆಯ ಪಂಥ ಓಟ ಎಂಬ ಕಲ್ಪನೆಯನ್ನೇ ಒಪ್ಪುವುದಿಲ್ಲ. ಜೆಫ್ರಿ ಡಿಂಗ್ 2024ರ ತಮ್ಮ ಪುಸ್ತಕದಲ್ಲಿ ಕೈಗಾರಿಕಾ ಕ್ರಾಂತಿಗಳ ಚರಿತ್ರೆಯನ್ನು ಮರಳಿ ಓದಿದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಸಾಯನ ವಿಜ್ಞಾನದಲ್ಲಿ ಜರ್ಮನಿಗೆ ಸಾಟಿಯಿರಲಿಲ್ಲ. ಆದರೂ ಬ್ರಿಟನ್ನನ್ನು ಹಿಂದಿಕ್ಕಿದ್ದು ಅಮೆರಿಕ. ಅಲ್ಲಿ ನೊಬೆಲ್ ಯೋಗ್ಯರು ಹೆಚ್ಚಿಗೆ ಇರಲಿಲ್ಲ. ಹೊಸ ಯಂತ್ರೋಪಕರಣವನ್ನು ಬಂದೂಕಿನ ಕಾರ್ಖಾನೆಯಿಂದ ಹೊಲಿಗೆ ಯಂತ್ರಕ್ಕೆ, ಅಲ್ಲಿಂದ ಸೈಕಲ್ಲಿಗೆ ಒಯ್ಯಬಲ್ಲ ಸಾಮಾನ್ಯ ಎಂಜಿನಿಯರುಗಳು ಹೇರಳವಾಗಿದ್ದರು. ಡಿಂಗ್ ಪ್ರಕಾರ ಎಐ ಕೂಡ ಅಂಥ ಸಾರ್ವತ್ರಿಕ ತಂತ್ರಜ್ಞಾನ. ಮೊದಲು ಕಂಡುಹಿಡಿದವನಿಗಿಂತ ಊರೂರಿಗೆ ಹರಡಿದವನಿಗೇ ಲಾಭ. ಅರವಿಂದ್ ನಾರಾಯಣನ್ ಮತ್ತು ಸಯಾಶ್ ಕಪೂರ್ 2025ರ ಏಪ್ರಿಲ್‌ನಲ್ಲಿ ಬರೆದ ಪ್ರಬಂಧದ ನಿಲುವೂ ಇದಕ್ಕೆ ಹತ್ತಿರ: ಎಐ ಒಂದು ಸಾಮಾನ್ಯ ತಂತ್ರಜ್ಞಾನ, ಅದರ ಪರಿಣಾಮ ದಶಕಗಳಲ್ಲಿ ಕಾಣುವಂಥದ್ದು.

ಚೀನಾ ಈ ವಾದವನ್ನು ಅಮೆರಿಕಕ್ಕಿಂತ ಗಂಭೀರವಾಗಿ ತೆಗೆದುಕೊಂಡಂತೆ ಕಾಣುತ್ತದೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿದ 'ಎಐ ಪ್ಲಸ್' ನೀತಿ ಕಾರ್ಖಾನೆ, ಕೃಷಿ, ಆಸ್ಪತ್ರೆ, ಆಡಳಿತಗಳಿಗೆ ಎಐ ಹೊಗಿಸುವ ಬಗ್ಗೆ. ಅಲಿಬಾಬಾದ ಕ್ವೆನ್, ಡೀಪ್‌ಸೀಕ್ ಮಾದರಿಗಳನ್ನು ಬಿಟ್ಟಿಯಾಗಿ ಹಂಚುವುದೂ ಹರಡುವ ದಾರಿಯೇ. ಆದರೆ ಈ ಪಂಥ ಸೇನೆಯ ಬಗ್ಗೆ ಕೇಳಿದರೆ ತಡವರಿಸುತ್ತದೆ. ಯುದ್ಧದಲ್ಲಿ ದಶಕಗಳ ಸರಾಸರಿ ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ಮುನ್ನಡೆಯೂ ಅಲ್ಲಿ ದೊಡ್ಡದೇ.

ಇಬ್ಬರಿಗೂ ಒಂದೇ ಗುಂಡಿ

ನಾಲ್ಕನೆಯವರು ಸುರಕ್ಷತೆಯ ಪಂಥದವರು. ತನ್ನ ರಕ್ಷಣೆಗೆಂದು ಒಬ್ಬ ಮಾಡಿದ್ದು ಇನ್ನೊಬ್ಬನಿಗೆ ದಾಳಿಯ ಸಿದ್ಧತೆಯಾಗಿ ಕಾಣುವ ಇಕ್ಕಟ್ಟನ್ನು ರಾಬರ್ಟ್ ಜರ್ವಿಸ್ 1978ರಲ್ಲೇ ವಿಶ್ಲೇಷಿಸಿದ್ದರು. ಎಐನಲ್ಲಿ ಇದಕ್ಕೆ ಮತ್ತೊಂದು ಅಪಾಯ ಸೇರುತ್ತದೆ: ಅವಸರದಲ್ಲಿ ಪರೀಕ್ಷೆ ಬಿಟ್ಟು ಹೊರತಂದ ಯಂತ್ರ ತನ್ನ ಮಾಲೀಕನ ಹಿಡಿತಕ್ಕೇ ಸಿಗದಿರಬಹುದು. ಆಗ ಯಾರು ಮುಂದಿದ್ದರೂ ಒಂದೇ. ಎರಿಕ್ ಶ್ಮಿಟ್ 2025ರ ಮಾರ್ಚ್‌ನಲ್ಲಿ ಡ್ಯಾನ್ ಹೆಂಡ್ರಿಕ್ಸ್, ಅಲೆಕ್ಸಾಂಡರ್ ವಾಂಗ್ ಜೊತೆ ಬರೆದ ಪ್ರಬಂಧದಲ್ಲಿ, ಒಬ್ಬನೇ ಮಹಾಬುದ್ಧಿ ಗಳಿಸಲು ಹೊರಟರೆ ಉಳಿದವರು ಅದನ್ನು ಕೆಡವದೆ ಬಿಡುವುದಿಲ್ಲ, ಹಾಗಾಗಿ ಏಕಾಂಗಿ ಧಾವಂತ ಬೇಡ ಎಂದು ವಾದಿಸಿದರು. 2021ರಲ್ಲಿ ಓಟದ ಕಹಳೆ ಊದಿದ ಆಯೋಗದ ಅಧ್ಯಕ್ಷರೂ ಶ್ಮಿಟ್ ಅವರೇ ಎಂಬುದನ್ನು ನೆನೆದರೆ ಚರ್ಚೆ ಎಷ್ಟು ಸರಿದಿದೆಯೆಂದು ತಿಳಿಯುತ್ತದೆ.

ಈ ಪಂಥ ಮತ್ತೆಮತ್ತೆ ಎತ್ತುವ ಉದಾಹರಣೆ ಅಣುಬಾಂಬಿನ ಬೀಗದ್ದು. ಸರಿಯಾದ ಸಂಕೇತ ಕೊಡದೆ ಸಿಡಿಯದ ಬೀಗವನ್ನು ಅಮೆರಿಕ 1960ರ ದಶಕದ ಆರಂಭದಲ್ಲಿ ಅಳವಡಿಸತೊಡಗಿತು. ಸಾಮಾನ್ಯವಾಗಿ ಇಂಥದ್ದನ್ನು ಮುಚ್ಚಿಡುತ್ತಾರೆ. ಆದರೆ ಕ್ಯೂಬಾ ಬಿಕ್ಕಟ್ಟು ಮುಗಿದ ಬೆನ್ನಿಗೆ, 1962ರ ಡಿಸೆಂಬರ್‌ನಲ್ಲಿ, ರಕ್ಷಣಾ ಇಲಾಖೆಯ ಜಾನ್ ಮೆಕ್‌ನಾಟನ್ ಆ್ಯನ್ ಆರ್ಬರ್‌ನ ಭಾಷಣದಲ್ಲಿ ಇದನ್ನು ಬೇಕೆಂತಲೇ ಪ್ರಸ್ತಾಪಿಸಿದರು. ಸೋವಿಯತ್ತರೂ ಅಂಥ ಬೀಗ ಹಾಕಿಕೊಳ್ಳಲಿ ಎಂಬುದು ಉದ್ದೇಶ. ಎದುರಾಳಿಯ ಬಾಂಬು ತಪ್ಪಿ ಸಿಡಿಯದಿರುವುದು ನಮಗೂ ಒಳ್ಳೆಯದೇ ತಾನೆ. ಎಐ ಸುರಕ್ಷತಾ ತಂತ್ರಗಳನ್ನೂ ಹೀಗೆ ಹಂಚಬಹುದೆಂಬುದು ಆಶಯ. ತೊಡಕು ಏನೆಂದರೆ, ಬಾಂಬಿನ ಬೀಗ ಬಾಂಬನ್ನು ಇನ್ನಷ್ಟು ಬಲವಾಗಿಸಲಿಲ್ಲ. ಮಾದರಿಯೊಂದು ಹೇಳಿದಂತೆ ಕೇಳುವ ಹಾಗೆ ಮಾಡುವ ತಂತ್ರ ಅದನ್ನು ಹೆಚ್ಚು ಉಪಯುಕ್ತವಾಗಿಯೂ ಮಾಡುತ್ತದೆ.

ಮಾತುಕತೆಯಲ್ಲಿ ಸಿಕ್ಕಿದ್ದು

2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನಲ್ಲಿ 28 ದೇಶಗಳೂ ಐರೋಪ್ಯ ಒಕ್ಕೂಟವೂ ಎಐ ಸುರಕ್ಷತೆಯ ಘೋಷಣೆಗೆ ಸಹಿ ಹಾಕಿದವು. ಅಮೆರಿಕ, ಚೀನಾ, ಭಾರತ ಮೂರೂ ಅದರಲ್ಲಿದ್ದವು. 2024ರ ಮೇ 14ರಂದು ಜಿನೀವಾದಲ್ಲಿ ಅಮೆರಿಕ ಮತ್ತು ಚೀನಾ ಸರ್ಕಾರಗಳು ಎಐ ಬಗ್ಗೆ ಪ್ರತ್ಯೇಕವಾಗಿ ಕೂತು ಮಾತಾಡಿದವು, ಏನೂ ಹುಟ್ಟಲಿಲ್ಲ. ವಿಶ್ವಸಂಸ್ಥೆಯಲ್ಲಿ ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕ ಮಂಡಿಸಿದ ನಿರ್ಣಯವೂ ಜುಲೈನಲ್ಲಿ ಚೀನಾ ಮಂಡಿಸಿದ್ದೂ ಮತಕ್ಕೆ ಹಾಕದೆಯೇ ಪಾಸಾದವು. ಯಾರನ್ನೂ ಕಟ್ಟಿಹಾಕದ ನಿರ್ಣಯಕ್ಕೆ ಒಪ್ಪುವುದು ಯಾರಿಗೂ ಭಾರವಲ್ಲ. 2025ರ ಫೆಬ್ರುವರಿಯಲ್ಲಿ ಮ್ಯಾಕ್ರಾನ್ ಮತ್ತು ಮೋದಿ ಜಂಟಿಯಾಗಿ ನಡೆಸಿದ ಪ್ಯಾರಿಸ್ ಶೃಂಗದ ಹೇಳಿಕೆಗೆ ಚೀನಾ, ಭಾರತ ಸಹಿ ಹಾಕಿದವು. ಅಮೆರಿಕ ಮತ್ತು ಬ್ರಿಟನ್ ಹಾಕಲಿಲ್ಲ.

ಇದ್ದುದರಲ್ಲಿ ತೂಕವುಳ್ಳದ್ದು ಒಂದೇ ವಾಕ್ಯ. 2024ರ ನವೆಂಬರ್ 16ರಂದು ಪೆರುವಿನ ಲಿಮಾದಲ್ಲಿ ಬೈಡನ್ ಮತ್ತು ಷಿ, ಅಣ್ವಸ್ತ್ರ ಪ್ರಯೋಗದ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕೆಂದು ಒಪ್ಪಿದರು. ಚಿಪ್ ಬಗ್ಗೆ, ಮಾದರಿಗಳ ಬಗ್ಗೆ ಒಂದಕ್ಷರವೂ ಹೊಂದದವರು ಇಲ್ಲಿ ಹೊಂದಿಕೊಂಡದ್ದಕ್ಕೆ ಕಾರಣವಿದೆ: ಇದರಿಂದ ಯಾರ ಮುನ್ನಡೆಯೂ ಕುಂದುವುದಿಲ್ಲ, ಮುರಿದರೆ ಇಬ್ಬರೂ ಉಳಿಯುವುದಿಲ್ಲ. ಇಂಥ ಜಾಗಗಳು ಇನ್ನೆಷ್ಟಿವೆ ಎಂದು ಹುಡುಕುವುದೇ ವಿಜ್ಞಾನಿಗಳ ಖಾಸಗಿ ಸಭೆಗಳ ಕೆಲಸ. 2024ರ ಮಾರ್ಚ್‌ನಲ್ಲಿ ಬೀಜಿಂಗ್‌ನಲ್ಲಿ ಯೋಶುವಾ ಬೆಂಜಿಯೋ, ಆ್ಯಂಡ್ರೂ ಯಾವೊ ಮೊದಲಾದವರು ಸೇರಿ, ಎಐ ತನ್ನನ್ನು ತಾನೇ ನಕಲು ಮಾಡಿಕೊಳ್ಳುವುದೂ ಸೇರಿ ದಾಟಬಾರದ ಕೆಲವು ಕೆಂಪು ಗೆರೆಗಳನ್ನು ಗುರುತಿಸಿದರು. ಸರ್ಕಾರಗಳು ಕೇಳಿಸಿಕೊಂಡವು, ಅಷ್ಟೇ.

ನಡುವೆ ನಿಂತವರು

ಬೈಡನ್ ಸರ್ಕಾರ ಹೊರಡುವ ಮುನ್ನ, 2025ರ ಜನವರಿಯಲ್ಲಿ, ಜಗತ್ತನ್ನು ಮೂರು ಪಂಕ್ತಿ ಮಾಡಿ ಚಿಪ್ ಹಂಚುವ ನಿಯಮ ತಂದಿತ್ತು. ಭಾರತಕ್ಕೆ ಸಿಕ್ಕಿದ್ದು ನಡುವಿನ ಪಂಕ್ತಿ, ಅಂದರೆ ಮಿತಿ ಉಂಟು. ಬೆಂಗಳೂರಿನ ಎಂಜಿನಿಯರುಗಳು ವಿನ್ಯಾಸದಲ್ಲಿ ಕೈಜೋಡಿಸಿದ ಚಿಪ್‌ಗಳೇ ಇವು. ಚಿಪ್ ಕಂಪನಿ ಎಎಂಡಿಯ ಅತಿದೊಡ್ಡ ವಿನ್ಯಾಸ ಕೇಂದ್ರವೇ ಈ ಊರಲ್ಲಿದೆ. ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಆ ನಿಯಮವನ್ನು ರದ್ದುಮಾಡಿತು.

10,372 ಕೋಟಿ ರೂಪಾಯಿಯ ನಮ್ಮ ಎಐ ಮಿಷನ್ 2025ರ ಹೊತ್ತಿಗೆ ಒಟ್ಟುಗೂಡಿಸಿದ್ದು 38,000ದಷ್ಟು ಜಿಪಿಯು ಚಿಪ್. ಇಲಾನ್ ಮಸ್ಕ್ ಅವರ ಕಂಪನಿ ಮೆಂಫಿಸ್ ನಗರದ ಒಂದೇ ಆವರಣದಲ್ಲಿ 2024ರಲ್ಲಿ 1 ಲಕ್ಷ ಜೋಡಿಸಿತು. ಸರ್ಕಾರ ಆರಿಸಿದ ಬೆಂಗಳೂರಿನ ಸರ್ವಂ ಸಂಸ್ಥೆ ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆಂದು 2025ರ ಮೇ ತಿಂಗಳಲ್ಲಿ ತಂದ 'ಸರ್ವಂ-ಎಂ' ಮಾದರಿಯ ತಳಪಾಯ ಫ್ರಾನ್ಸಿನ ಮಿಸ್ಟ್ರಾಲ್‌ನದು. ಡೀಪ್‌ಸೀಕ್ ಸುದ್ದಿಯಾದ ವಾರದಲ್ಲೇ ಹಣಕಾಸು ಸಚಿವಾಲಯ ಕಚೇರಿಯ ಗಣಕಗಳಲ್ಲಿ ಚಾಟ್‌ಜಿಪಿಟಿಯೂ ಬೇಡ, ಡೀಪ್‌ಸೀಕೂ ಬೇಡ ಎಂದಿತು. ಐಟಿ ಸಚಿವರು ಡೀಪ್‌ಸೀಕನ್ನು ಭಾರತದ ಸರ್ವರುಗಳಲ್ಲಿ ಇರಿಸಿ ಬಳಸಿಕೊಳ್ಳುತ್ತೇವೆ ಎಂದರು. ಎರಡನ್ನೂ ಸೇರಿಸಿ ಓದಿದರೆ ನಡುವಿನವರ ಸ್ಥಿತಿ ಅರ್ಥವಾಗುತ್ತದೆ. ಯಾರೊಡನೆ ಸೇರುವುದು ಎಂಬ ಆಯ್ಕೆ ನಮ್ಮ ಮುಂದಿಲ್ಲ. ಯಾರ ಮೇಲೆ, ಯಾವುದಕ್ಕೆ, ಎಷ್ಟು ನೆಚ್ಚುವುದು ಎಂಬುದಷ್ಟೇ ಇದೆ.

ಇತ್ಯರ್ಥವಾಗದೆ ಉಳಿದದ್ದು

ಬುದ್ಧಿಯ ಬೆಳವಣಿಗೆ ಜಿಗಿತದಲ್ಲಿ ಬರುತ್ತದೆಯೋ ಮೆಟ್ಟಿಲಲ್ಲೋ ಎಂಬುದು ಇನ್ನೂ ತೆರೆದ ಪ್ರಶ್ನೆ. ಮೊದಲ ಮತ್ತು ಮೂರನೆಯ ಪಂಥಗಳ ನಡುವೆ ಅದೊಂದೇ ತೀರ್ಪುಗಾರ. ಮಾದರಿಗಳನ್ನು ಬಿಟ್ಟಿಯಾಗಿ ಹಂಚುವುದು ಚೀನಾದ ಶಾಶ್ವತ ನೀತಿಯೋ ಮಾರುಕಟ್ಟೆ ಹಿಡಿಯುವ ತನಕದ ಉಪಾಯವೋ ಎಂಬುದೂ ತಿಳಿದಿಲ್ಲ. ಅಮೆರಿಕದ ಚಿಪ್ ತಡೆ ಭದ್ರತಾ ನೀತಿಯಾಗಿ ಉಳಿದಿದೆಯೋ, ಚೌಕಾಸಿಯ ಸರಕಾಗಿದೆಯೋ ಎಂಬುದನ್ನು ಅಮೆರಿಕವೇ ತೀರ್ಮಾನಿಸಿದಂತಿಲ್ಲ.

ಇವೆಲ್ಲಕ್ಕಿಂತ ಕಠಿಣವಾದದ್ದು ಪರಿಶೀಲನೆಯ ಪ್ರಶ್ನೆ. 1963ರಲ್ಲಿ ಅಣುಪರೀಕ್ಷೆ ನಿಷೇಧಕ್ಕೆ ಕೂತಾಗ, ಭೂಗತ ಸ್ಫೋಟವನ್ನು ಖಚಿತಪಡಿಸಲು ವರ್ಷಕ್ಕೆ ಏಳು ಸ್ಥಳ ತಪಾಸಣೆ ಬೇಕೆಂದಿತು ಅಮೆರಿಕ, ಮೂರಕ್ಕಿಂತ ಹೆಚ್ಚು ಆಗದೆಂದಿತು ಸೋವಿಯತ್. ಆ ನಾಲ್ಕರ ಅಂತರ ತುಂಬಲಿಲ್ಲ. ವಾತಾವರಣ, ಬಾಹ್ಯಾಕಾಶ, ನೀರಿನಡಿಯ ಪರೀಕ್ಷೆಗಳಷ್ಟೇ ನಿಂತವು, ನೆಲದಡಿಯವು ಮುಂದುವರಿದವು. ಸ್ಫೋಟವಾದರೆ ಭೂಮಿ ನಡುಗುತ್ತದೆ, ದೂರದಿಂದಲೇ ಅಳೆಯಬಹುದು. ಎಐ ತರಬೇತಿ ನಡುಗಿಸುವುದಿಲ್ಲ. ಚಿಪ್ ಎಣಿಸಬಹುದು, ದತ್ತಾಂಶ ಕೇಂದ್ರ ಕುಡಿಯುವ ವಿದ್ಯುತ್ತನ್ನು ಅಳೆಯಬಹುದು. ತರಬೇತಿ ಮುಗಿದ ಮಾದರಿ ಮಾತ್ರ ಕಿಸೆಯಲ್ಲಿ ಒಯ್ಯಬಹುದಾದ ಒಂದು ಕಡತ.

ಚಿಪ್‌ನೊಳಗೇ ತಾನೆಲ್ಲಿದ್ದೇನೆಂದು ಹೇಳುವ ವ್ಯವಸ್ಥೆ ಇಡಬೇಕೆಂಬ ಮಸೂದೆ 2025ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿಗೆ ಬಂತು. ಕಳ್ಳಸಾಗಣೆ ತಡೆಯುವುದು ಅದರ ಗುರಿ. ಮುಂದೊಂದು ದಿನ ಒಪ್ಪಂದವೇನಾದರೂ ಆದರೆ ಪರಸ್ಪರ ತಪಾಸಣೆಗೂ ಇದೇ ದಾರಿ ಎಂದು ನಂಬುವ ತಜ್ಞರಿದ್ದಾರೆ. ಅದೇ ವರ್ಷದ ಜುಲೈ 31ರಂದು ಚೀನಾದ ಸೈಬರ್ ಪ್ರಾಧಿಕಾರ ಎನ್ವಿಡಿಯಾವನ್ನು ಕರೆಸಿ, ಎಚ್20 ಚಿಪ್‌ನಲ್ಲಿ ಹಿಂಬಾಗಿಲು ಇಟ್ಟಿದ್ದೀರೋ ಎಂದು ವಿವರಣೆ ಕೇಳಿತು. ಇಲ್ಲವೆಂದಿತು ಕಂಪನಿ. ಒಬ್ಬರಿಗೆ ನಂಬಿಕೆಯ ಸಾಧನವಾಗಿ ಕಾಣುವ ವಸ್ತು ಇನ್ನೊಬ್ಬರಿಗೆ ಬೇಹುಗಾರನಾಗಿ ಕಾಣುವಾಗ, ಇಬ್ಬರೂ ಒಪ್ಪುವ ತಪಾಸಣಾ ಯಂತ್ರವನ್ನು ಯಾರ ಕಾರ್ಖಾನೆಯಲ್ಲಿ ಮಾಡಬೇಕು ಎಂಬುದಕ್ಕೆ ಈ ನಾಲ್ಕು ಪಂಥಗಳಲ್ಲಿ ಯಾವುದರ ಬಳಿಯೂ ಇನ್ನೂ ಉತ್ತರವಿಲ್ಲ.